ಮಿಲ್ಟ್ರಿ ಗಂಡನ ಜತೆ ಸಂಸಾರ: ಪರಕಾಯ ಪ್ರವೇಶದ ಕಾದಂಬರಿಯಲ್ಲಿ ದಾಂಪತ್ಯ ಬರೆಯುವ ಕ್ರಮ

ಚೀನಾದ ವೆಬ್ ಕಾದಂಬರಿಗಳ ಜಾಡು ಹಿಡಿದು ಕನ್ನಡದಲ್ಲಿ ಬರೆಯುವ ಗೆಳತಿಯರ ಕರಡುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಶುರು ಎಲ್ಲರದ್ದೂ ಚೆನ್ನಾಗಿರುತ್ತದೆ. ಈ ಕಾಲದ ಹುಡುಗಿ ಕಣ್ಣು ಬಿಟ್ಟರೆ ಇಸವಿ 1974, ಮೈ ಬೇರೆಯವಳದು, ಗೋಡೆಯ ಮೇಲೆ ಮಾವೋ ಪಟ, ಬಾಗಿಲಲ್ಲಿ ಹಸಿರು ಸಮವಸ್ತ್ರದ ಗಂಡ. ಹನ್ನೆರಡನೇ ಅಧ್ಯಾಯದ ಹೊತ್ತಿಗೆ ಕತೆ ಕುಸಿದಿರುತ್ತದೆ. ಗಂಡ ಸಂಬಳ ಕೊಡುವ ಎಟಿಎಂ ಆಗಿರುತ್ತಾನೆ, ಇಲ್ಲವೇ ಅತ್ತೆಯನ್ನು ಗದರಿಸುವ ಬೌನ್ಸರ್. ಹೆಂಡತಿಯ ಬಳಿ ಬೇಕಾದ ಸರಕೆಲ್ಲ ಸಿಗುವ ಮಾಯದ ಉಗ್ರಾಣ ಇದೆ, ಅವಳಿಗೆ ಯಾರೂ ಬೇಕಾಗಿಲ್ಲ. ಹಾಗಾದರೆ ಇವರಿಬ್ಬರು ಯಾಕೆ ಜತೆಗಿದ್ದಾರೆ?

ತಪ್ಪು ಹೆಚ್ಚುಕಡಿಮೆ ಒಂದೇ. ಅವಳು ಮಾಡಿದ್ದು ಅವನಿಗೆ ತಟ್ಟುವುದಿಲ್ಲ, ಅವನು ಮಾಡಿದ್ದು ಅವಳಿಗೆ ತಟ್ಟುವುದಿಲ್ಲ. ಆ ಕಾಲದ ಸೈನಿಕನ ಸಂಸಾರದಲ್ಲಿ ಅದು ಆಗದ ಮಾತು. ಹೆಂಡತಿ ಕದ್ದುಮುಚ್ಚಿ ಮೊಟ್ಟೆ ಮಾರಿದರೆ ಸೈನ್ಯದಲ್ಲಿರುವ ಗಂಡನ ಫೈಲಿನಲ್ಲಿ ಒಂದು ಸಾಲು ಬೀಳುತ್ತದೆ. ಗಂಡನಿಗೆ ವರ್ಗವಾದರೆ ಹೆಂಡತಿ ಒಲೆ ಕಿತ್ತು ಇನ್ನೊಂದು ಊರಲ್ಲಿ ಹೂಡಬೇಕು. ಒಬ್ಬರ ಅಪಾಯವನ್ನು ಇನ್ನೊಬ್ಬರು ಯಾವಾಗ, ಎಷ್ಟು ಹೊರುತ್ತಾರೆ ಅನ್ನುವುದೇ ಇಲ್ಲಿ ಪ್ರೇಮಕತೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮುತ್ತಿನ ದೃಶ್ಯವನ್ನು ಮೊದಲು ಬರೆದಿಟ್ಟು ಆಮೇಲೆ ಕತೆ ಜೋಡಿಸುತ್ತೇನೆ ಅಂದವರು ಯಾರೂ ಮುಗಿಸಿದ್ದನ್ನು ನಾನು ನೋಡಿಲ್ಲ.

ಮೊದಲು ಮೇಜಿನ ಮೇಲೆ ಇರಬೇಕಾದ್ದು

ಒಂದು ಉದ್ದ ನೋಟ್‌ಬುಕ್. ಅದರಲ್ಲಿ 1968ರಿಂದ 1985ರವರೆಗೆ ವರ್ಷಕ್ಕೊಂದು ಪುಟ. ಪ್ರತಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಅವಳು, ಬಲಕ್ಕೆ ಅವನು. ಇಬ್ಬರೂ ಆ ವರ್ಷ ಎಲ್ಲಿದ್ದಾರೆ, ಕೈಯಲ್ಲಿ ಎಷ್ಟು ಯುವಾನ್ (ಚೀನಾದ ದುಡ್ಡು), ಇನ್ನೊಬ್ಬರಿಂದ ಏನು ಮುಚ್ಚಿಟ್ಟಿದ್ದಾರೆ, ಇಷ್ಟು ಸಾಕು. ಜತೆಗೆ ಸೈನಿಕರ ಕ್ವಾರ್ಟರ್ಸಿನ ಒಂದು ನಕ್ಷೆ: ಯಾರ ಮನೆ ಎಲ್ಲಿ, ನಲ್ಲಿ ಎಲ್ಲಿ, ಯಾರ ಕಿಟಕಿಯಿಂದ ಯಾರ ಬಾಗಿಲು ಕಾಣುತ್ತದೆ. ಚೀನೀ ಭಾಷೆ ಬರಬೇಕಾಗಿಲ್ಲ.

ಹಂತ 1: ಇಸವಿ ಮತ್ತು ಊರು ಗಟ್ಟಿ ಮಾಡಿ

'ಎಪ್ಪತ್ತರ ದಶಕ' ಅಂತ ಬರೆದು ಬಿಡಬೇಡಿ. ನಾಯಕಿ ಮುಂದಿನ ಕಾಲದಿಂದ ಬಂದವಳು. ಅವಳ ದೊಡ್ಡ ಆಸ್ತಿ ಕ್ಯಾಲೆಂಡರು. 1976ರ ಜುಲೈ 28ಕ್ಕೆ ಟಾಂಗ್‌ಶಾನ್ ಭೂಕಂಪ. ಅದೇ ವರ್ಷ ಸೆಪ್ಟೆಂಬರ್ 9ಕ್ಕೆ ಮಾವೋ ಸಾವು. 1977ರ ಡಿಸೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರು. 1979ರ ಫೆಬ್ರವರಿ 17ಕ್ಕೆ ವಿಯೆಟ್ನಾಂ ಗಡಿಯಲ್ಲಿ ಯುದ್ಧ. ಇವುಗಳಲ್ಲಿ ಯಾವುದು ಗಂಡನನ್ನು ಮನೆಯಿಂದ ಎಳೆದೊಯ್ಯುತ್ತದೆ ಅಂತ ಮೊದಲೇ ತೀರ್ಮಾನಿಸಿ. ಟಾಂಗ್‌ಶಾನ್‌ನಲ್ಲಿ ಅವಶೇಷ ತೆಗೆಯಲು ಹೋದದ್ದೂ ಸೈನ್ಯವೇ.

ಊರಿನ ವಿಷಯದಲ್ಲಿ ನಮ್ಮವರಿಗೆ ಒಂದು ಮುಳ್ಳಿದೆ. 1974ರಲ್ಲಿ ಗಂಡನಿಗೆ 33 ವರ್ಷ ಅಂದರೆ ಅವನು 1960ರ ಆಸುಪಾಸಿನಲ್ಲಿ ಸೇರಿದವನು. ಅವನ ತುಕಡಿಯನ್ನು ಟಿಬೆಟ್ ಕಡೆ ಇಟ್ಟರೆ 1962ರ ಭಾರತ-ಚೀನಾ ಯುದ್ಧ ಬಂದು ಬಾಗಿಲು ತಟ್ಟುತ್ತದೆ. ಕೊಡಗಿನ ಓದುಗರೊಬ್ಬರು ಆ ಅಧ್ಯಾಯವನ್ನು ಹೇಗೆ ಓದುತ್ತಾರೆ, ಸುಮ್ನೆ ಯೋಚಿಸಿ. ಅದನ್ನು ಎದುರಿಸಿ ಬರೆಯುವ ಧೈರ್ಯ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಅವನನ್ನು ಈಶಾನ್ಯದ ಹೆಯ್ಲಾಂಗ್‌ಜಿಯಾಂಗ್‌ಗೆ ಕಳಿಸಿ. ಅಲ್ಲಿ ಎದುರಾಳಿ ಸೋವಿಯತ್, 1969ರಲ್ಲಿ ಉಸ್ಸುರಿ ನದಿಯ ಜೆನ್‌ಬಾವೋ ದ್ವೀಪದಲ್ಲಿ ಗುಂಡು ಹಾರಿದ್ದೂ ಹೌದು. ಚಳಿ ಇದೆ, ಕೆಳಗೆ ಬೆಂಕಿ ಹಾಕಿ ಬಿಸಿ ಮಾಡುವ ಇಟ್ಟಿಗೆಯ ಮಲಗುವ ಜಗಲಿ ಇದೆ. ಅದಕ್ಕೆ 'ಕಾಂಗ್' ಅನ್ನುತ್ತಾರೆ. ಮನೆಯಲ್ಲಿ ಒಂದೇ ಕಾಂಗ್. ಹೊಸ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುವ ಸುಲಭದ ದಾರಿ ತಾನಾಗಿ ಮುಚ್ಚಿತು, ಅಲ್ವಾ?

ಹಂತ 2: ಗಂಡನ ಹುದ್ದೆ, ಜೇಬು, ಸಂಬಳ

ನನ್ನ ಮೊದಲ ಕರಡಿನಲ್ಲಿ ಗಂಡನ ಭುಜದ ಮೇಲೆ ಮೂರು ನಕ್ಷತ್ರ ಇಟ್ಟು ಅವನನ್ನು ಕರ್ನಲ್ ಮಾಡಿದ್ದೆ. ಅದೂ 1974ರಲ್ಲಿ. ಚೀನಾದ ಸೈನ್ಯ 1965ರಲ್ಲಿ ರ‍್ಯಾಂಕ್ ಪದ್ಧತಿಯನ್ನೇ ಕಿತ್ತುಹಾಕಿತ್ತು, ಅದು ವಾಪಸ್ ಬಂದದ್ದು 1988ರಲ್ಲಿ. ನಡುವಿನ ಕಾಲದಲ್ಲಿ ಕ್ಯಾಪಿನ ಮೇಲೆ ಕೆಂಪು ನಕ್ಷತ್ರ, ಕಾಲರಿನಲ್ಲಿ ಕೆಂಪು ಪಟ್ಟಿ, ಎಲ್ಲರಿಗೂ ಒಂದೇ. ಅಧಿಕಾರಿ ಯಾರು ಅಂತ ಗೊತ್ತಾಗುತ್ತಿದ್ದದ್ದು ಜೇಬಿನಿಂದ. ಸಾಮಾನ್ಯ ಸೈನಿಕನ ಅಂಗಿಗೆ ಎರಡು ಜೇಬು, ಅಧಿಕಾರಿಯ ಅಂಗಿಗೆ ನಾಲ್ಕು. ಆಮೇಲೆ ಯಾರೋ ಇದನ್ನು ತೋರಿಸಿಕೊಟ್ಟಾಗ ನಾಚಿಕೆಯಾಯಿತು. ಆದರೆ ಆ ನಾಲ್ಕು ಜೇಬು ಎಷ್ಟು ಒಳ್ಳೆಯ ಸಾಮಗ್ರಿ! ಹಳ್ಳಿಯ ಹೆಂಗಸರು ಹುಡುಗನ ಮುಖಕ್ಕಿಂತ ಮೊದಲು ಜೇಬು ಎಣಿಸುತ್ತಾರೆ. ಬಟ್ಟೆ ಒಗೆಯುವಾಗ ಹೆಂಡತಿ ಮೊದಲು ಕೈ ಹಾಕುವುದೂ ಅಲ್ಲಿಗೇ.

ಆದ್ದರಿಂದ ರ‍್ಯಾಂಕ್ ಬರೆಯಬೇಡಿ, ಹುದ್ದೆ ಬರೆಯಿರಿ. ಪ್ಲಟೂನ್, ಕಂಪನಿ, ಬೆಟಾಲಿಯನ್, ರೆಜಿಮೆಂಟ್, ಇವುಗಳ ಮುಖ್ಯಸ್ಥ ಅಥವಾ ಉಪಮುಖ್ಯಸ್ಥ. ಸಂಬಳವೂ ನೆನಪಿರಲಿ. ಹೊಸ ಸೈನಿಕನಿಗೆ ತಿಂಗಳಿಗೆ 6 ಯುವಾನ್ ಭತ್ಯೆ, ಪ್ಲಟೂನ್ ಮಟ್ಟದ ಅಧಿಕಾರಿಗೆ 52 ಯುವಾನ್. ಒಂದು ಶಾಂಘೈ ವಾಚಿಗೆ 120 ಯುವಾನ್, ಮೇಲೆ ಕೂಪನ್ ಬೇರೆ. ಹೆಂಡತಿ ಕೇಳದೆಯೇ ವಾಚು ಬಂತು ಅಂದರೆ ಅವನು ಎಷ್ಟು ತಿಂಗಳು ಬಾಯಿ ಕಟ್ಟಿದ್ದಾನೆ ಅಂತ ಓದುಗರೇ ಲೆಕ್ಕ ಹಾಕಲಿ. ನೀವು ಹೇಳಬೇಡಿ.

ಹಂತ 3: ಮದುವೆಯ ಕಾಗದಪತ್ರ

ಅರ್ಧ ಕರಡುಗಳು ಇದನ್ನು ಹಾರಿಸುತ್ತವೆ. ಆದರೆ ಕತೆಯ ಬೀಗ ಇರುವುದೇ ಇಲ್ಲಿ.

ಸೈನಿಕ ತನ್ನ ಮೇಲಧಿಕಾರಿಗೆ ಮದುವೆಯ ಅರ್ಜಿ ಕೊಡಬೇಕು. ಹುಡುಗಿಯ ಮನೆತನದ ವಿಚಾರಣೆ ನಡೆಯುತ್ತದೆ. ನಮ್ಮಲ್ಲಿ ಜಾತಕ ನೋಡಿದ ಹಾಗೆ ಅಲ್ಲಿ ವರ್ಗ ನೋಡುತ್ತಿದ್ದರು: ಅಪ್ಪ ಬಡ ರೈತನೋ, ಜಮೀನ್ದಾರನೋ, ವಿದೇಶದಲ್ಲಿ ನೆಂಟರಿದ್ದಾರೋ. ನಾಯಕಿ ಪ್ರವೇಶಿಸಿದ ಮೈ ಜಮೀನ್ದಾರನ ಮೊಮ್ಮಗಳದ್ದಾಗಿದ್ದರೆ ಅವನು ಅರ್ಜಿಗೆ ಸಹಿ ಹಾಕುವುದೇ ಮೊದಲ ತ್ಯಾಗ. ಮುಂದಿನ ಬಡ್ತಿ ಕೈತಪ್ಪಬಹುದು ಅಂತ ಗೊತ್ತಿದ್ದೂ ಹಾಕುತ್ತಾನೆ. ಅವನಿಗೆ ಅದನ್ನು ಹೇಳಿಕೊಳ್ಳುವ ಅಭ್ಯಾಸ ಇಲ್ಲ. ಅವಳಿಗೆ ತಿಳಿಯುವುದು ಇಪ್ಪತ್ತು ಅಧ್ಯಾಯ ಆದಮೇಲೆ, ಬೇರೆ ಯಾರದೋ ಬಾಯಿಂದ.

ಇನ್ನು ವಿಚ್ಛೇದನ. 'ಮೂರನೇ ಅಧ್ಯಾಯದಲ್ಲೇ ನಾಯಕಿ ಡೈವೋರ್ಸ್ ಬಿಸಾಕಿ ಹೊರಡುತ್ತಾಳೆ' ಅಂತ ಬರೆಯುವವರು ಇದ್ದಾರೆ. ಹಾಗೆ ಹೊರಡಲು ಆಗುವುದಿಲ್ಲ. 1950ರ ಮದುವೆ ಕಾನೂನಿನ 19ನೇ ಕಲಮಿನ ಪ್ರಕಾರ, ಮನೆಯ ಜತೆ ಪತ್ರ ಸಂಪರ್ಕ ಇಟ್ಟುಕೊಂಡಿರುವ ಸೈನಿಕನ ಹೆಂಡತಿ ವಿಚ್ಛೇದನ ಕೇಳಿದರೆ ಅವನ ಒಪ್ಪಿಗೆ ಬೇಕು. 1980ರ ಕಾನೂನಿನಲ್ಲೂ ಒಪ್ಪಿಗೆಯ ಮಾತು ಉಳಿಯಿತು. ಸೈನಿಕನ ಹೆಂಡತಿಯ ಜತೆ ಸಂಸಾರ ಹೂಡಿದವನಿಗೆ ಜೈಲು ಅಂತ 1979ರ ದಂಡ ಸಂಹಿತೆಯೂ ಬರೆಯಿತು.

ಅಂದರೆ ತಕ್ಕಡಿ ಮೊದಲಿನಿಂದಲೂ ಅವನ ಕಡೆಗೆ ವಾಲಿದೆ. ಈ ಜಾತಿಯ ಕತೆಯಲ್ಲಿ ನನಗೆ ಗೊತ್ತಿರುವ ಅತಿ ಒಳ್ಳೆಯ ಪ್ರೇಮ ನಿವೇದನೆ ಹೂವು ಕೊಡುವುದಲ್ಲ. ಗಡಿಗೆ ಹೊರಡುವ ಹಿಂದಿನ ರಾತ್ರಿ ಅವನು ಒಪ್ಪಿಗೆ ಪತ್ರ ಬರೆದು, ಸಹಿ ಹಾಕಿ, ತಾರೀಖಿನ ಜಾಗ ಖಾಲಿ ಬಿಟ್ಟು ಡ್ರಾಯರಿನಲ್ಲಿ ಇಡುತ್ತಾನೆ. 'ಬೇಕಾದಾಗ ತಾರೀಖು ತುಂಬಿಕೋ' ಅನ್ನುತ್ತಾನೆ. ಆ ಕಾಗದ ಕತೆಯ ಕೊನೆಯವರೆಗೂ ಅದೇ ಡ್ರಾಯರಿನಲ್ಲಿ ಇರಲಿ. ಹರಿದು ಹಾಕಿಸಿದರೆ ಸಿನಿಮಾ ಆಗುತ್ತದೆ. ನಾನಾಗಿದ್ದರೆ ಅದರ ಹಿಂಬದಿಯಲ್ಲಿ ಅವಳಿಂದ ಸೋಪು, ಸೀಮೆಎಣ್ಣೆಯ ಲೆಕ್ಕ ಬರೆಸುತ್ತೇನೆ.

ಹಂತ 4: ಮೊದಲಿದ್ದವಳ ಬಾಕಿ ತೀರಿಸಿ

ಮೈ ಯಾರದ್ದೋ ಅವಳು ಎಲ್ಲಿ ಹೋದಳು? ಚೀನೀ ಓದುಗರು ಅವಳನ್ನು 'ಮೂಲ ಒಡತಿ' ಅನ್ನುತ್ತಾರೆ. ಸಾಮಾನ್ಯವಾಗಿ ಅವಳನ್ನು ಸೋಮಾರಿ, ಜಗಳಗಂಟಿ ಅಂತ ಎರಡು ಸಾಲು ಬೈದು ಮುಗಿಸುತ್ತಾರೆ. ಹಾಗೆ ಮಾಡಿದರೆ ಗಂಡ ಬದಲಾದ ಹೆಂಡತಿಯನ್ನು ಕಂಡು ಖುಷಿಪಡುವುದು ಮಾತ್ರ ಉಳಿಯುತ್ತದೆ. ಅದು ತೀರಾ ಅಗ್ಗ.

ನೋಟ್‌ಬುಕ್ಕಿನಲ್ಲಿ ಹಳೆಯವಳ ಮೂರು ಬಾಕಿ ಬರೆಯಿರಿ: ಒಂದು ಸಾಲ, ಒಂದು ಮಾತು, ಒಬ್ಬ ಮನುಷ್ಯ. ಸಾಲ ಪಕ್ಕದ ಮನೆಯ ಐದು ಕೆಜಿ ಜೋಳದ ಹಿಟ್ಟಿರಬಹುದು. ಮಾತು ಗಂಡನಿಗೆ ಬರೆದ ಒಂದು ಕೆಟ್ಟ ಕಾಗದ. ಮನುಷ್ಯ ಅವಳ ತಾಯಿ. ಹೊಸಬಳು ಆ ತಾಯಿಯ ಮುಂದೆ ಕೂತಾಗ ಏನು ಮಾಡುತ್ತಾಳೆ ಅನ್ನುವುದರ ಮೇಲೆ ಗಂಡನಿಗೆ ಅವಳ ಬಗ್ಗೆ ಮೊದಲ ಗೌರವ ಹುಟ್ಟಬೇಕು.

ಎಚ್ಚರಿಕೆ: ಬಂದ ಮೊದಲ ವಾರವೇ ಗಂಡನ ಜತೆ ಮಲಗುವ ದೃಶ್ಯ ಬೇಡ. ಅವನು ತನ್ನ ಹೆಂಡತಿ ಅಂದುಕೊಂಡಿರುವುದು ಬೇರೆಯವಳನ್ನು. ಅವಳಿಗೆ ಅವನು ಅಪರಿಚಿತ. ಇಬ್ಬರ ಒಪ್ಪಿಗೆಯೂ ಪೂರ್ತಿಯಾಗಿಲ್ಲ. ಓದುಗರಿಗೆ ಇದು ಥಟ್ಟನೆ ಗೊತ್ತಾಗುತ್ತದೆ, ಬರೆಯುವವರಿಗೆ ಮಾತ್ರ ಮರೆತುಹೋಗುತ್ತದೆ.

ಹಂತ 5: ದೂರವನ್ನು ಬರೆಯಿರಿ

ಅವನು ವರ್ಷಕ್ಕೊಮ್ಮೆ ರಜೆಗೆ ಬರುವವನು. ಹಾಗಾಗಿ ಮೊದಲ ಭಾಗದ ಬಹುಪಾಲು ಪ್ರೀತಿ ಕಾಗದದಲ್ಲೇ ನಡೆಯಬೇಕು. ಫೋನು ಇರುವುದು ಕಮ್ಯೂನ್ (ಹಳ್ಳಿಗಳ ಸಾಮೂಹಿಕ ಆಡಳಿತ) ಕಚೇರಿಯಲ್ಲಿ, ಅದೂ ಹತ್ತು ಜನರ ಎದುರು. ಟೆಲಿಗ್ರಾಂಗೆ ಅಕ್ಷರಕ್ಕೆ ಇಷ್ಟು ಅಂತ ದುಡ್ಡು.

ಮೊದಲ ಕಾಗದ ಒಣಗಿರಲಿ. 'ಕ್ಷೇಮ. 30 ಯುವಾನ್ ಕಳಿಸಿದ್ದೇನೆ. ಅಮ್ಮನಿಗೆ 15.' ಇಷ್ಟೇ. ಎರಡನೆಯದರಲ್ಲಿ ಒಂದು ಸಾಲು ಜಾಸ್ತಿ. ಮೂರನೆಯದರಲ್ಲಿ ರೇಷನ್ ಕೂಪನ್ ಮಡಚಿ ಇಟ್ಟಿರುತ್ತಾನೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರಾಂತ್ಯದ ಧಾನ್ಯದ ಕೂಪನ್ ಆ ಪ್ರಾಂತ್ಯದಲ್ಲಿ ಮಾತ್ರ ನಡೆಯುತ್ತಿತ್ತು, ರಾಷ್ಟ್ರೀಯ ಕೂಪನ್ ಎಲ್ಲ ಕಡೆ. ಅವನು ರಾಷ್ಟ್ರೀಯ ಕೂಪನ್ ಕಳಿಸಿದ ಅಂದರೆ 'ನೀನು ಇಲ್ಲಿಗೆ ಹೊರಟು ಬರಬಹುದು' ಅಂತ ಅರ್ಥ. ಬಾಯಿಬಿಟ್ಟು ಕರೆಯಲು ಬಾರದ ಗಂಡಸಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಪತ್ರಿಕೆ ಸಿಗುವುದಿಲ್ಲ.

ಸಾಮಾನ್ಯ ತಪ್ಪು: ಕಾಗದದಲ್ಲಿ ಎಲ್ಲ ಭಾವನೆ ತೋಡಿಕೊಳ್ಳುವುದು. ಸೈನ್ಯಕ್ಕೆ ಹೋಗುವ, ಸೈನ್ಯದಿಂದ ಬರುವ ಕಾಗದವನ್ನು ಬೇರೆ ಕಣ್ಣುಗಳೂ ನೋಡಬಹುದು ಅನ್ನುವ ಅಂಜಿಕೆ ಇಬ್ಬರಿಗೂ ಇರಲಿ. ಆಗ ಬದನೆಕಾಯಿ ಬಿತ್ತಿದ ಸುದ್ದಿಯೇ ಪ್ರೀತಿಯ ಸುದ್ದಿಯಾಗುತ್ತದೆ.

ಹಂತ 6: ಕ್ವಾರ್ಟರ್ಸಿಗೆ ಕರೆಸಿ, ಹಾಸಿಗೆ ಮಡಚಲು ಕಲಿಸಿ

ಹೆಂಡತಿ ಗಂಡನ ತುಕಡಿ ಇರುವಲ್ಲಿಗೆ ಹೋಗಿ ನೆಲೆಸುವುದಕ್ಕೆ 'ಸುಯ್‌ಜುನ್' ಅನ್ನುತ್ತಾರೆ. ಎಲ್ಲರಿಗೂ ಸಿಗುವುದಿಲ್ಲ. ಈ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಉಪ ಬೆಟಾಲಿಯನ್ ಕಮಾಂಡರ್ ಆದಮೇಲೆಯೇ ಬಾಗಿಲು ತೆರೆಯುತ್ತದೆ. ಹೋದರೆ ಹಳ್ಳಿಯ ನಿವಾಸ ನೋಂದಣಿ ಬಿಟ್ಟು ಪಟ್ಟಣದ ನೋಂದಣಿ, ಅದರ ಜತೆ ಧಾನ್ಯದ ಕೂಪನ್. ಆಗ ಮಗುವಿಗೆ ತಾಯಿಯ ನೋಂದಣಿಯೇ ಬರುತ್ತಿತ್ತು. ಹಾಗಾಗಿ ಅವನ ಒಂದು ಬಡ್ತಿಯ ಮೇಲೆ ಹುಟ್ಟಲಿರುವ ಮಗುವಿನ ಅನ್ನವೂ ನಿಂತಿದೆ.

ರೈಲಿನಿಂದ ಇಳಿದ ಕೂಡಲೇ ಎಳೆ ಹುಡುಗರು ಸೆಲ್ಯೂಟ್ ಹೊಡೆದು ಅವಳನ್ನು 'ಸಾವೋಝ' ಅನ್ನುತ್ತಾರೆ. ಅಣ್ಣನ ಹೆಂಡತಿ. ಕನ್ನಡದಲ್ಲಿ 'ಅತ್ತಿಗೆ' ಅಂತ ಬರೆಯಿರಿ, ತಬ್ಬಿಬ್ಬಾಗಬೇಡಿ. 'ಮೇಡಂ' ಬೇಡವೇ ಬೇಡ. ಗಂಡ ಹೆಂಡತಿ ಪರಸ್ಪರ ಕರೆಯುವುದು ಪೂರ್ತಿ ಹೆಸರಿನಿಂದ, ಅಥವಾ ಮಗು ಹುಟ್ಟಿದ ಮೇಲೆ 'ಮಗುವಿನ ಅಪ್ಪ'. ನಮ್ಮ ಅಜ್ಜಿಯರು 'ಇವರೇ' ಅಂದು ಇಡೀ ಆಯುಸ್ಸು ಕಳೆದರಲ್ಲ, ಅಂಥದ್ದೇ ಸಂಕೋಚ. ಅವನು ಮೊದಲ ಬಾರಿ ಮನೆತನದ ಹೆಸರು ಬಿಟ್ಟು ಬರೀ ಅವಳ ಹೆಸರು ಕರೆದದ್ದೇ ಒಂದು ಅಧ್ಯಾಯದ ಕೊನೆಯಾಗಬಹುದು.

ಮೈ ಮುಟ್ಟುವ ದೃಶ್ಯಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬೀದಿಯಲ್ಲಿ ಕೈ ಹಿಡಿಯುವಂತಿಲ್ಲದ ಕಾಲ ಅದು. ವಸ್ತುಗಳ ಮೂಲಕ ಬರೆಯಿರಿ. ಒಂದು ಉದಾಹರಣೆ ಕೊಡುತ್ತೇನೆ. ಸೈನಿಕ ತನ್ನ ರಜಾಯಿಯನ್ನು ಚಚ್ಚೌಕವಾಗಿ, ಅಂಚು ಚೂಪಾಗಿ ಮಡಚುತ್ತಾನೆ. ಅದಕ್ಕೆ ಅವರಲ್ಲಿ ತೋಫು ತುಂಡು ಅಂತಲೇ ಹೆಸರು.

*ಬೆಳಗಿನ ಬ್ಯೂಗಲ್‌ಗಿಂತ ಮೊದಲೇ ಅವನ ರಜಾಯಿ ಮಡಚಿ ಆಗಿತ್ತು. ಅವಳದ್ದು ಕಾಂಗ್‌ನ ಈ ತುದಿಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅವನು ಅದನ್ನು ಮುಟ್ಟಲಿಲ್ಲ. ಹತ್ತನೇ ದಿನ ಅವಳೂ ಪ್ರಯತ್ನಪಟ್ಟಳು. ಅದು ಹಬೆಯಲ್ಲಿ ಬೆಂದ ಬನ್ನಿನ ಹಾಗೆ ಉಬ್ಬಿತು. ಅವನು ನೋಡಿದ, ನಗಲಿಲ್ಲ. ಮೂಲೆಯ ಸ್ಟೂಲು ತಂದು ಮಗುಚಿ, ಅದರ ಹಲಗೆಯಿಂದ ಒಂದು ಅಂಚನ್ನು ಮಾತ್ರ ಒತ್ತಿ ಕೊಟ್ಟ. ಉಳಿದ ಮೂರು ಬಿಟ್ಟು ಡ್ರಿಲ್ಲಿಗೆ ಹೋದ. ನವೆಂಬರಿನಲ್ಲಿ ಅವನು ಹೇಳದೆ ಹೊರಟ ರಾತ್ರಿ ಮಡಚಲು ಪುರುಸೊತ್ತಾಗಿರಲಿಲ್ಲ. ಅವಳು ಅವನ ರಜಾಯಿಯನ್ನು ಮಡಚಿದಳು. ನಾಲ್ಕೂ ಅಂಚು ಸರಿಯಾಗುವವರೆಗೆ ಮೂರು ಸಲ ಬಿಚ್ಚಿದಳು.*

ಇಲ್ಲಿ ಯಾರೂ ಯಾರನ್ನೂ ಗೋಡೆಗೆ ಒತ್ತಲಿಲ್ಲ. ಅಂದಹಾಗೆ, ಚೀನಾದ ದೊಡ್ಡ ತಾಣವೊಂದರಲ್ಲಿ ಕತ್ತಿನ ಕೆಳಗಿನದ್ದನ್ನು ಬರೆಯುವಂತಿಲ್ಲ ಅನ್ನುವ ನಿಯಮವೇ ಇದೆ. ಅಲ್ಲಿನ ಲೇಖಕಿಯರು ರಜಾಯಿ, ಗುಂಡಿ, ಎನಾಮೆಲ್ ಲೋಟಗಳಲ್ಲಿ ಪರಿಣಿತರಾದದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಹಂತ 7: ಅವಳ ಸಂಪಾದನೆ, ಅವನ ಫೈಲು

ಪಾಲುದಾರಿಕೆಯ ನಿಜವಾದ ಪರೀಕ್ಷೆ ಇದು. ನಾಯಕಿಗೆ ವ್ಯಾಪಾರ ಗೊತ್ತು, ಉಗ್ರಾಣದಲ್ಲಿ ಸರಕಿದೆ. ಆದರೆ ಆ ಕಾಲದಲ್ಲಿ ಲಾಭಕ್ಕೆ ಮಾರುವುದಕ್ಕೆ 'ಸಟ್ಟಾಕೋರತನ' ಅನ್ನುವ ಹಣೆಪಟ್ಟಿ ಇತ್ತು. 1979ರ ದಂಡ ಸಂಹಿತೆಯಲ್ಲೂ ಅದು ಅಪರಾಧವಾಗಿ ಉಳಿಯಿತು, ಹೊರಗೆ ಬಿದ್ದದ್ದು 1997ರಲ್ಲಿ.

ಕೆಟ್ಟ ಕ್ರಮ ಹೀಗಿರುತ್ತದೆ: ಅವಳು ಸಿಕ್ಕಿಬೀಳುತ್ತಾಳೆ, ಗಂಡ ಬರುತ್ತಾನೆ, ಹುದ್ದೆ ಹೇಳುತ್ತಾನೆ, ಎಲ್ಲರೂ ನಡುಗುತ್ತಾರೆ. ಇದರಲ್ಲಿ ಯಾರಿಗೂ ಏನೂ ನಷ್ಟವಿಲ್ಲ. ಬರೆಯಬೇಕಾದ ಕ್ರಮ:

1. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಅವಳ ಮನೆಯ ಎಣ್ಣೆ ವಾಸನೆ ಗಮನಿಸುತ್ತಾಳೆ. (ನಿಮ್ಮ ನಕ್ಷೆ ಈಗ ಉಪಯೋಗಕ್ಕೆ ಬಂತು.)

2. ದೂರು ಅವಳಿಗಲ್ಲ, ಗಂಡನ ತುಕಡಿಯಲ್ಲಿ ಪಕ್ಷದ ಪರವಾಗಿರುವ ರಾಜಕೀಯ ಅಧಿಕಾರಿಗೆ ಹೋಗುತ್ತದೆ. ಗಂಡ ಎಲ್ಲರ ಮುಂದೆ ಆತ್ಮವಿಮರ್ಶೆಯ ಹಾಳೆ ಓದಬೇಕಾಗುತ್ತದೆ.

3. ಮನೆಗೆ ಬಂದು ಬೈಯುವುದಿಲ್ಲ, ಸುಮ್ಮನೂ ಇರುವುದಿಲ್ಲ. 'ಇನ್ನು ಎಷ್ಟು ಉಳಿದಿದೆ?' ಅಂತ ಕೇಳುತ್ತಾನೆ.

4. ಅವಳು ಕ್ಷಮೆ ಕೇಳುವ ಬದಲು ಲೆಕ್ಕದ ಪುಸ್ತಕ ಮುಂದಿಡುತ್ತಾಳೆ. ಮೊದಲ ಬಾರಿ ಇಬ್ಬರೂ ಒಂದೇ ಪುಟ ನೋಡುತ್ತಾರೆ.

ಆಮೇಲೆ ಅವಳಿಗೆ ಕಾನೂನಿನ ಒಳಗಿನ ದಾರಿ ಹುಡುಕಿ: ಕ್ವಾರ್ಟರ್ಸಿನ ಹೆಂಗಸರ ಕಾರ್ಖಾನೆ, ಶಾಲೆ, ದವಾಖಾನೆ, ಅಡುಗೆಮನೆ. ಸ್ವಂತ ಅಂಗಡಿಗೆ ಅವಸರ ಬೇಡ. ದೇಶದ ಮೊದಲ ಸ್ವಂತ ವ್ಯಾಪಾರದ ಲೈಸೆನ್ಸ್ ವೆನ್‌ಝೌನಲ್ಲಿ ಸಿಕ್ಕಿದ್ದೇ 1980ರಲ್ಲಿ.

ಹಂತ 8: ಎರಡು ಗುಟ್ಟು

ಅವಳು ಬೇರೆ ಕಾಲದವಳು ಅಂತ ಅವನಿಗೆ ಯಾವಾಗ ಗೊತ್ತಾಗಬೇಕು? ಈ ಪ್ರಶ್ನೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಕೆಲವರು ಎರಡನೇ ಅಧ್ಯಾಯದಲ್ಲೇ ಹೇಳಿಸಿಬಿಡುತ್ತಾರೆ, ಕೆಲವರು ಕೊನೆಯವರೆಗೂ ಹೇಳುವುದೇ ಇಲ್ಲ.

ಮೊದಲು ಇದನ್ನು ಗಮನಿಸಿ: ಗುಟ್ಟು ಅವನಲ್ಲೂ ಇದೆ. ಎಲ್ಲಿಗೆ ಹೋಗುತ್ತಾನೆ, ಯಾವಾಗ ಬರುತ್ತಾನೆ, ಏನು ಮಾಡಿದ, ಹೇಳುವಂತಿಲ್ಲ. ಮಾತು ಕೊಟ್ಟವನು. ಅಂದರೆ ಒಂದೇ ಕಾಂಗ್ ಮೇಲೆ ಹೇಳಬಾರದ್ದನ್ನು ಹೊತ್ತ ಇಬ್ಬರು ಮಲಗಿದ್ದಾರೆ. ಆದ್ದರಿಂದ ಅವನು ಅವಳನ್ನು ಬೇಹುಗಾರ್ತಿ ಅಂತ ಅನುಮಾನಿಸಲಿ. ಅನುಮಾನಿಸಲೇಬೇಕು, ಅವನ ಕೆಲಸವೇ ಅದು. ಬರವಣಿಗೆ ಬದಲಾಗಿದೆ, ಸೂಜಿ ಹಿಡಿಯುವ ಕೈ ಬದಲಾಗಿದೆ. ಮೇಲಕ್ಕೆ ವರದಿ ಮಾಡುವುದು ಅವನ ಕರ್ತವ್ಯ. ವರದಿ ಬರೆಯಲು ಕೂತು, ಬರೆಯದೆ ಎದ್ದ ರಾತ್ರಿಯಿಂದ ಅವನು ಅಪಾಯ ಹೊರಲು ಶುರುಮಾಡುತ್ತಾನೆ. ಅವಳಿಗೆ ಅದು ಗೊತ್ತಿರುವುದಿಲ್ಲ.

ಅವಳು ಬಾಯಿಬಿಡುವುದು ಅವನ ಜೀವಕ್ಕೆ ಸಂಬಂಧಪಟ್ಟಾಗ ಮಾತ್ರ. 1979ರ ಜನವರಿ. ಫೆಬ್ರವರಿಯಲ್ಲಿ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಹೋಗಬೇಡ ಅನ್ನುವಂತಿಲ್ಲ, ಅನ್ನಬಾರದು ಕೂಡ. ಅವನ ಜಾಗಕ್ಕೆ ಇನ್ನೊಬ್ಬ ಹೋಗುತ್ತಾನೆ, ಅವನ ಹೆಂಡತಿ ಪಕ್ಕದ ಮನೆಯವಳು. ಹಾಗಾದರೆ ಅವಳು ಏನು ಹೇಳುತ್ತಾಳೆ? ಬೇರೆ ಎಲ್ಲೂ ಸಿಗದ ಒಂದು ವಿವರ. ಅಷ್ಟೇ. ಅವನು 'ಇದು ನಿನಗೆ ಹೇಗೆ ಗೊತ್ತು' ಅಂತ ಕೇಳಬಾರದು. ನಾಲ್ಕು ವರ್ಷ ಅವಳೂ 'ಎಲ್ಲಿಗೆ ಹೋಗಿದ್ದೆ' ಅಂತ ಕೇಳಿರಲಿಲ್ಲ.

ಹಂತ 9: ಅವಳೂ ಹೊರಡಲಿ

1977ರ ಪರೀಕ್ಷೆಗೆ ಸುಮಾರು 57 ಲಕ್ಷ ಜನ ಕೂತರು, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನಕ್ಕೆ. ಮದುವೆಯಾದವರೂ ಬರೆದರು. ನಾಯಕಿ ಪಾಸಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದರ ಮೇಲೆ ಸಮಯ ಕಳೆಯಬೇಡಿ. ಬೀಜಿಂಗ್‌ಗೆ ಹೋದ ಮೇಲೆ ಮಗು ಯಾರ ಹತ್ತಿರ, ಸಂಬಳ ಎಷ್ಟು ಭಾಗ ಅನ್ನುವುದರ ಮೇಲೆ ಕಳೆಯಿರಿ. ಇಷ್ಟು ದಿನ ಕಾಯುತ್ತಿದ್ದವಳು ಅವಳು. ಈಗ ಅವನು ಮನೆಯಲ್ಲಿ, ಕಾಗದ ಅವಳಿಂದ ಬರಬೇಕು. ಮರುವಾರವೇ ಅವನಿಗೆ ಬೀಜಿಂಗ್ ವರ್ಗ ಮಾಡಿಸುವ ಲೇಖಕರ ಮೇಲೆ ನನಗೆ ಸಿಟ್ಟು ಬರುತ್ತದೆ. ಸೈನಿಕ ವರ್ಗವನ್ನು ಆರಿಸಿಕೊಳ್ಳುವುದಿಲ್ಲ.

ಕತೆ ದಾರಿ ತಪ್ಪುತ್ತಿದೆ ಅನ್ನುವುದಕ್ಕೆ ಗುರುತುಗಳು

ನೋಟ್‌ಬುಕ್ಕಿನಲ್ಲಿ ಮೂರು ಪುಟ ಸತತವಾಗಿ ಬಲಗಡೆ ಖಾಲಿ ಇದ್ದರೆ ಗಂಡ ಕತೆಯಿಂದ ಜಾರಿದ್ದಾನೆ. ಅವಳ ಪ್ರತಿ ಗೆಲುವಿಗೂ ಒಬ್ಬ ಕೆಟ್ಟ ನಾದಿನಿ ಬೇಕಾಗುತ್ತಿದ್ದರೆ ಸಂಸಾರದೊಳಗೆ ಏನೂ ನಡೆಯುತ್ತಿಲ್ಲ. ಮಾಯದ ಉಗ್ರಾಣ ಅಧ್ಯಾಯಕ್ಕೆರಡು ಸಲ ತೆರೆದರೆ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಹತ್ತು ಅಧ್ಯಾಯ ಕಳೆದುಹಾಕಿ. ಗಂಡ ಒಮ್ಮೆಯೂ ತಪ್ಪು ಮಾಡಿಲ್ಲ ಅಂದರೆ ಅವನು ಇನ್ನೂ ಪಟ, ಮನುಷ್ಯನಾಗಿಲ್ಲ. ಅವನಿಂದ ಒಂದು ಮಾತು ತಪ್ಪಿಸಿ. ರಜೆಗೆ ಬರುತ್ತೇನೆ ಅಂದವನು ಬರದಿರಲಿ, ಅವಳು ಬೇಯಿಸಿಟ್ಟದ್ದು ತಣ್ಣಗಾಗಲಿ, ಮಾರನೇ ದಿನ ಅದನ್ನೇ ಬಿಸಿ ಮಾಡಿ ಅವಳು ಒಬ್ಬಳೇ ತಿನ್ನಲಿ.

ಕೊನೆಯ ಅಧ್ಯಾಯಕ್ಕೆ ನಾನು ಹೇಳುವುದು 1985. ಆ ವರ್ಷ ಸೈನ್ಯದಿಂದ ಹತ್ತು ಲಕ್ಷ ಜನರನ್ನು ಕಡಿಮೆ ಮಾಡುವುದಾಗಿ ಘೋಷಣೆಯಾಯಿತು. ಅವನು ಸಮವಸ್ತ್ರ ಕಳಚಿ ಪಟ್ಟಣದ ಯಾವುದೋ ಕಚೇರಿ ಸೇರುತ್ತಾನೆ. ಹನ್ನೊಂದು ವರ್ಷದ ಮದುವೆಯಲ್ಲಿ ಮೊದಲ ಬಾರಿ ಇಡೀ ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ. ಭಾನುವಾರ ಅವಳು ಎಂಟು ಗಂಟೆಗೆ ಏಳುತ್ತಾಳೆ. ಅವನು ತನ್ನ ರಜಾಯಿ ಮಡಚಿ, ಅವಳದ್ದನ್ನು ಮಡಚಲಾಗದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಯುತ್ತಿರುತ್ತಾನೆ.